ಕೊಳೆ ಇದ್ದರೂ ತಪ್ಪದ ಲೆಕ್ಕ: 25,812 ಓಮ್‌ನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಚೂರು ತಿದ್ದಲಾಗಿದೆ.)

ಇವತ್ತು ಒಂದು ಸಂಖ್ಯೆಯ ಕಥೆ ಹೇಳ್ತೀನಿ. ಆ ಸಂಖ್ಯೆ 25,812.807. ಅಳತೆ ಓಮ್‌ನಲ್ಲಿ. ಅಂದ್ರೆ ಇದು ವಿದ್ಯುತ್ ರೋಧ, ಕರೆಂಟ್ ಹರಿಯೋದಕ್ಕೆ ಎದುರಾಗುವ ಅಡ್ಡಿಯ ಅಳತೆ.

ಇದರಲ್ಲೇನು ವಿಶೇಷ ಅಂತ ಕೇಳ್ತೀರಾ? ರೋಧ ಅನ್ನೋದು ಸಾಮಾನ್ಯವಾಗಿ ನಂಬಿಕೆಗೆ ಅರ್ಹವಾದ ಅಳತೆ ಅಲ್ಲ. ತಂತಿ ಉದ್ದ ಆದ್ರೆ ಹೆಚ್ಚಾಗುತ್ತೆ, ದಪ್ಪ ಆದ್ರೆ ಕಡಿಮೆಯಾಗುತ್ತೆ. ಬಿಸಿಯಾದ್ರೆ ಬದಲಾಗುತ್ತೆ. ತಾಮ್ರದಲ್ಲಿ ಒಂಚೂರು ಬೇರೆ ಲೋಹ ಸೇರಿದ್ರೂ ಬದಲಾಗುತ್ತೆ. ಒಂದೇ ಕಾರ್ಖಾನೆಯಿಂದ ಬಂದ ಎರಡು ರೆಸಿಸ್ಟರ್ ತಗೊಂಡ್ರೂ ಪಕ್ಕಾ ಒಂದೇ ಲೆಕ್ಕ ಸಿಗಲ್ಲ. ಅದಕ್ಕೇ ರೆಸಿಸ್ಟರ್ ಮೇಲೆ ಬಣ್ಣದ ಪಟ್ಟಿ ಹಾಕಿ, ಇಷ್ಟು ಪರ್ಸೆಂಟ್ ಆಚೆ ಈಚೆ ಇರಬಹುದು ಅಂತ ಮೊದಲೇ ಹೇಳಿಬಿಡ್ತಾರೆ.

ಆದ್ರೆ ಈ 25,812.807 ಹಾಗಲ್ಲ. ಸಿಲಿಕಾನ್‌ನಲ್ಲಿ ಅಳೆದ್ರೂ ಇದೇ. ಗ್ಯಾಲಿಯಂ ಆರ್ಸೆನೈಡ್ ಅನ್ನೋ ಬೇರೆಯದೇ ವಸ್ತುವಿನಲ್ಲಿ ಅಳೆದ್ರೂ ಇದೇ. ಪೆನ್ಸಿಲ್ ಕಡ್ಡಿಯಲ್ಲಿ ಇರುತ್ತಲ್ಲ ಗ್ರಾಫೈಟ್, ಅದರ ಒಂದೇ ಒಂದು ಪದರವಾದ ಗ್ರಾಫೀನ್‌ನಲ್ಲಿ ಅಳೆದ್ರೂ ಇದೇ. ತುಂಡು ಚಿಕ್ಕದಿರಲಿ, ದೊಡ್ಡದಿರಲಿ, ಅಂಚು ಸೊಟ್ಟಗಿರಲಿ, ಒಳಗೆ ಕಲ್ಮಶ ಇರಲಿ, ಉತ್ತರ ಬದಲಾಗಲ್ಲ. ಇದು ಹೇಗೆ ಸಾಧ್ಯ, ಮತ್ತೆ ಇದಕ್ಕೂ ಸಂತೆಯಲ್ಲಿ ಟೊಮೆಟೊ ತೂಗೋ ಒಂದು ಕಿಲೋ ಬಟ್ಟಿಗೂ ಏನು ಸಂಬಂಧ? ಇದೇ ಇವತ್ತಿನ ಮಾತು.

ಬಂಗಾರದ ರೇಕು ಮತ್ತು ಒಬ್ಬ ವಿದ್ಯಾರ್ಥಿಯ ಅನುಮಾನ

ಮೊದಲು 1879ಕ್ಕೆ ಹೋಗೋಣ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ. ಎಡ್ವಿನ್ ಹಾಲ್ ಅನ್ನೋ 23 ವರ್ಷದ ವಿದ್ಯಾರ್ಥಿ. ಆತ ಮ್ಯಾಕ್ಸ್‌ವೆಲ್ ಬರೆದ ದೊಡ್ಡ ಗ್ರಂಥ ಓದ್ತಾ ಇದ್ದ. ಆಯಸ್ಕಾಂತದ ಬಲ ಬೀಳೋದು ತಂತಿಯ ಮೇಲೆ, ಅದರೊಳಗೆ ಹರಿಯೋ ಕರೆಂಟಿನ ಮೇಲಲ್ಲ ಅನ್ನೋ ಅರ್ಥದ ಮಾತು ಅದರಲ್ಲಿತ್ತು. ಹಾಲ್‌ಗೆ ಇದು ಸರಿ ಅನ್ನಿಸಲಿಲ್ಲ. ಪರೀಕ್ಷೆ ಮಾಡಿಯೇ ನೋಡೋಣ ಅಂತ ಗುರು ಹೆನ್ರಿ ರೋಲೆಂಡ್ ಜೊತೆ ಮಾತಾಡಿ, ಗಾಜಿನ ಮೇಲೆ ತೆಳ್ಳನೆಯ ಬಂಗಾರದ ರೇಕು ಅಂಟಿಸಿ, ಅದರಲ್ಲಿ ಕರೆಂಟ್ ಹರಿಸಿ, ಆಯಸ್ಕಾಂತದ ನಡುವೆ ಇಟ್ಟ. ರೇಕಿನ ಎಡ ಬಲ ಅಂಚುಗಳ ನಡುವೆ ಸಣ್ಣದೊಂದು ವೋಲ್ಟೇಜ್ ಕಾಣಿಸ್ತು. ಕರೆಂಟ್ ಹೋಗ್ತಿದ್ದದ್ದು ಉದ್ದಕ್ಕೆ, ವೋಲ್ಟೇಜ್ ಹುಟ್ಟಿದ್ದು ಅಡ್ಡಕ್ಕೆ!

ಇದು ಯಾಕೆ ಅಂತ ಈಗ ಸುಲಭವಾಗಿ ಹೇಳಬಹುದು. ಓಡುವ ಎಲೆಕ್ಟ್ರಾನ್‌ಗಳನ್ನ ಕಾಂತಕ್ಷೇತ್ರ ಒಂದು ಪಕ್ಕಕ್ಕೆ ತಳ್ಳುತ್ತೆ. ಅವು ಆ ಅಂಚಿನಲ್ಲಿ ಗುಂಪುಗೂಡ್ತವೆ. ಗುಂಪು ಸೇರಿದ ಮೇಲೆ ಅವುಗಳ ವಿದ್ಯುತ್ ಕ್ಷೇತ್ರ, ಹಿಂದೆ ಬರ್ತಾ ಇರೋ ಎಲೆಕ್ಟ್ರಾನ್‌ಗಳನ್ನ ವಾಪಸ್ ತಳ್ಳುತ್ತೆ. ಕಾಂತಬಲ ಒಂದು ಕಡೆಗೆ, ವಿದ್ಯುತ್ ಬಲ ಇನ್ನೊಂದು ಕಡೆಗೆ. ಎರಡೂ ಸಮ ಆದಾಗ ಎಲೆಕ್ಟ್ರಾನ್ ನೆಟ್ಟಗೆ ಸಾಗುತ್ತೆ. ಆ ಅಡ್ಡ ವೋಲ್ಟೇಜನ್ನ ಕರೆಂಟಿನಿಂದ ಭಾಗಿಸಿದ್ರೆ ಬರೋದೇ ಹಾಲ್ ರೋಧ. ಆಯಸ್ಕಾಂತ ಜೋರಾದಷ್ಟೂ ಅದು ಹೆಚ್ಚು. ಎಲೆಕ್ಟ್ರಾನ್ ಸಂಖ್ಯೆ ಜಾಸ್ತಿ ಆದಷ್ಟೂ ಅದು ಕಡಿಮೆ.

ಗಮನಿಸಿ, ಎಲೆಕ್ಟ್ರಾನ್ ಅನ್ನೋದು ಗೊತ್ತಾಗಿದ್ದೇ 1897ರಲ್ಲಿ, ಅಂದ್ರೆ ಹಾಲ್ ಇದನ್ನ ಕಂಡು 18 ವರ್ಷ ಆದ ಮೇಲೆ.

ಈ ಪರಿಣಾಮ ಇವತ್ತು ನಿಮ್ಮ ಕೈಯಲ್ಲೇ ಇದೆ. ಮ್ಯಾಪ್ ತೆಗೆದಾಗ ನೀಲಿ ಬಾಣ ನೀವು ತಿರುಗಿದ ಕಡೆ ತಿರುಗುತ್ತಲ್ಲ? ಬಹಳಷ್ಟು ಫೋನ್‌ಗಳಲ್ಲಿ ಆ ದಿಕ್ಸೂಚಿ ಕೆಲಸ ಮಾಡೋದು ಹಾಲ್ ಪರಿಣಾಮದಿಂದ. ಎಲೆಕ್ಟ್ರಿಕ್ ಸ್ಕೂಟರಿನ ಆಕ್ಸಿಲರೇಟರ್ ಎಷ್ಟು ತಿರುಗಿಸಿದ್ರಿ ಅಂತ ಮೋಟಾರಿಗೆ ಹೇಳೋದೂ ಸಾಮಾನ್ಯವಾಗಿ ಒಂದು ಹಾಲ್ ಸೆನ್ಸಾರೇ.

ಇಲ್ಲಿಯವರೆಗೆ ಎಲ್ಲ ನಯವಾಗಿದೆ. ಆಯಸ್ಕಾಂತವನ್ನ ಸ್ವಲ್ಪ ಜೋರು ಮಾಡಿದ್ರೆ ಹಾಲ್ ರೋಧ ಸ್ವಲ್ಪ ಏರುತ್ತೆ. ಗ್ರಾಫ್ ಹಾಕಿದ್ರೆ ನೇರ ಗೆರೆ.

ಮೆಟ್ಟಿಲು ಮತ್ತು ಸೀಟು

ಈಗ ಕ್ವಾಂಟಮ್ ಲೋಕ ಶುರು. 1930ರಲ್ಲಿ ಲೆವ್ ಲಾಂಡೌ ಅನ್ನೋ ಸೋವಿಯತ್ ಭೌತವಿಜ್ಞಾನಿ ಒಂದು ಲೆಕ್ಕ ಮಾಡಿದ. ಆಗ ಅವನಿಗೆ 22 ವರ್ಷ. ಪ್ರಶ್ನೆ ಸರಳ: ಕಾಂತಕ್ಷೇತ್ರದಲ್ಲಿ ಸಿಕ್ಕ ಎಲೆಕ್ಟ್ರಾನ್ ಏನು ಮಾಡುತ್ತೆ? ಹಳೇ ಭೌತಶಾಸ್ತ್ರದ ಪ್ರಕಾರ ಅದು ವೃತ್ತಾಕಾರದಲ್ಲಿ ಸುತ್ತುತ್ತೆ. ಯಾವ ಶಕ್ತಿಯಲ್ಲಿ ಬೇಕಾದ್ರೂ ಸುತ್ತಬಹುದು. ಆದ್ರೆ ಎಲೆಕ್ಟ್ರಾನ್ ಅಲೆಯೂ ಹೌದು. ಒಂದು ಸುತ್ತು ಬಂದ ಅಲೆ ತನ್ನ ಜೊತೆ ತಾನೇ ಹೊಂದಿಕೊಳ್ಳಬೇಕು, ಇಲ್ಲದಿದ್ರೆ ತನ್ನನ್ನ ತಾನೇ ಅಳಿಸಿಹಾಕಿಕೊಳ್ಳುತ್ತೆ. ಹಾಗಾಗಿ ಕೆಲವೇ ಕೆಲವು ಶಕ್ತಿಗಳಿಗೆ ಮಾತ್ರ ಅವಕಾಶ.

ಚಾಮುಂಡಿ ಬೆಟ್ಟ ಹತ್ತುವಾಗ 300ನೇ ಮೆಟ್ಟಿಲ ಮೇಲೆ ನಿಲ್ಲಬಹುದು, 301ನೇ ಮೆಟ್ಟಿಲ ಮೇಲೂ ನಿಲ್ಲಬಹುದು. 300ವರೆ ಅನ್ನೋ ಮೆಟ್ಟಿಲು ಇಲ್ಲ. ಎಲೆಕ್ಟ್ರಾನ್‌ನ ಶಕ್ತಿಯೂ ಹಾಗೇ ಮೆಟ್ಟಿಲು ಮೆಟ್ಟಿಲಾಗುತ್ತೆ. ಇವನ್ನೇ ಲಾಂಡೌ ಮಟ್ಟಗಳು ಅಂತಾರೆ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಎಲೆಕ್ಟ್ರಾನ್‌ಗಳು ಒಂದು ತೆಳು ಹಾಳೆಯಂಥ ಜಾಗದಲ್ಲಿ ಮಾತ್ರ ಓಡಾಡ್ತಿವೆ ಅಂತಿಟ್ಕೊಳ್ಳಿ. ಒಂದೊಂದು ಮೆಟ್ಟಿಲ ಮೇಲೂ ಇಷ್ಟೇ ಸೀಟು ಅಂತ ಲೆಕ್ಕ ಇದೆ. 1 ಟೆಸ್ಲಾ ಕಾಂತಕ್ಷೇತ್ರ ಇದ್ರೆ ಒಂದು ಚದರ ಮಿಲಿಮೀಟರ್‌ನಲ್ಲಿ ಸುಮಾರು 24 ಕೋಟಿ ಸೀಟು. 10 ಟೆಸ್ಲಾ ಇದ್ರೆ ಅದರ ಹತ್ತು ಪಟ್ಟು. ಆ ಸೀಟಿನ ಲೆಕ್ಕ ನಿಂತಿರೋದು ಮೂರೇ ವಿಷಯದ ಮೇಲೆ: ಆಯಸ್ಕಾಂತದ ಬಲ, ಒಂದು ಎಲೆಕ್ಟ್ರಾನ್‌ನ ಆವೇಶ, ಪ್ಲಾಂಕ್ ಸ್ಥಿರಾಂಕ. ವಸ್ತು ಸಿಲಿಕಾನೋ ಗ್ರಾಫೀನೋ ಅನ್ನೋದನ್ನ ಅದು ಕೇಳೋದೇ ಇಲ್ಲ.

ಈಗ ಹಾಲ್ ರೋಧಕ್ಕೆ ವಾಪಸ್ ಬನ್ನಿ. ಮೇಲೆ ಆಯಸ್ಕಾಂತದ ಬಲ, ಕೆಳಗೆ ಎಲೆಕ್ಟ್ರಾನ್‌ಗಳ ಸಂಖ್ಯೆ ಮತ್ತು ಅವುಗಳ ಆವೇಶ, ಹೀಗೆ ಭಾಗಿಸ್ತೀವಿ. ಒಂದು ಮೆಟ್ಟಿಲು ಪೂರ್ತಿ ತುಂಬಿದೆ ಅಂತಿಟ್ಕೊಳ್ಳಿ. ಆಗ ಎಲೆಕ್ಟ್ರಾನ್ ಸಂಖ್ಯೆ ಅಂದ್ರೆ ಸೀಟಿನ ಸಂಖ್ಯೆ. ಅದರೊಳಗೂ ಆಯಸ್ಕಾಂತದ ಬಲ ಇದೆ. ಮೇಲೊಂದು, ಕೆಳಗೊಂದು, ಹೊಡೆದು ಹೋಯ್ತು! ಉಳಿಯೋದು ಪ್ಲಾಂಕ್ ಸ್ಥಿರಾಂಕವನ್ನ ಎಲೆಕ್ಟ್ರಾನ್ ಆವೇಶದ ವರ್ಗದಿಂದ ಭಾಗಿಸಿದ ಸಂಖ್ಯೆ. ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಿ, 25,812.807 ಬರುತ್ತೆ. ಎರಡು ಮೆಟ್ಟಿಲು ತುಂಬಿದ್ರೆ ಅದರ ಅರ್ಧ, ನಾಲ್ಕು ತುಂಬಿದ್ರೆ ಕಾಲು ಭಾಗ, ಸುಮಾರು 6,453 ಓಮ್.

ರಾತ್ರಿ ಎರಡು ಗಂಟೆ, ಗ್ರೆನೋಬಲ್

ಇಷ್ಟು ಸರಳ ಇದ್ರೆ 1930ರಲ್ಲೇ ಯಾಕೆ ಸಿಗಲಿಲ್ಲ? ಎರಡು ಅಡ್ಡಿ. ಒಂದು, ಬಿಸಿ. ಮಾಮೂಲಿ ತಾಪಮಾನದಲ್ಲಿ ಎಲೆಕ್ಟ್ರಾನ್‌ಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಕುಣಿದಾಡ್ತಾ ಇರುತ್ತವೆ, ಮೆಟ್ಟಿಲೇ ಕಾಣಲ್ಲ. ಎರಡು, ಎಲೆಕ್ಟ್ರಾನ್‌ಗಳನ್ನ ಹಾಳೆಯಂಥ ಜಾಗದಲ್ಲಿ ಕೂಡಿಹಾಕೋ ವಿದ್ಯೆ ಆಗ ಇರಲಿಲ್ಲ. ಅದನ್ನ ಕೊಟ್ಟಿದ್ದು ಮಾಸ್‌ಫೆಟ್ ಅನ್ನೋ ಟ್ರಾನ್ಸಿಸ್ಟರ್. ಈಗ ನಿಮ್ಮ ಫೋನಿನ ಚಿಪ್‌ನಲ್ಲಿ ನೂರಾರು ಕೋಟಿ ಸಂಖ್ಯೆಯಲ್ಲಿ ಇರೋದು ಅದರದ್ದೇ ಸಂತಾನ. ಸಿಲಿಕಾನ್ ಮತ್ತು ಅದರ ಮೇಲಿನ ಆಕ್ಸೈಡ್ ಪದರ ಸೇರೋ ಗಡಿಯಲ್ಲಿ ಎಲೆಕ್ಟ್ರಾನ್‌ಗಳು ಹಾಳೆಯ ಹಾಗೆ ಹರಡಿಕೊಳ್ಳುತ್ತವೆ. ಗೇಟ್ ವೋಲ್ಟೇಜ್ ಏರಿಸಿದ್ರೆ ಇನ್ನಷ್ಟು ಎಲೆಕ್ಟ್ರಾನ್ ಬಂದು ಸೇರುತ್ತವೆ.

1980ರ ಫೆಬ್ರುವರಿ 5, ಬೆಳಗಿನ ಜಾವ ಸುಮಾರು ಎರಡು ಗಂಟೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಭಾರೀ ಆಯಸ್ಕಾಂತಗಳ ಪ್ರಯೋಗಾಲಯ. ಜರ್ಮನಿಯ ಕ್ಲಾಸ್ ಫಾನ್ ಕ್ಲಿಟ್ಸಿಂಗ್, ಆಗ 36 ವರ್ಷ, ಸಿಲಿಕಾನ್ ಮಾಸ್‌ಫೆಟ್ ಇಟ್ಟುಕೊಂಡು ಅಳೀತಾ ಇದ್ದ. ಕಾಂತಕ್ಷೇತ್ರ ಸುಮಾರು 20 ಟೆಸ್ಲಾ. ನಮ್ಮೂರಲ್ಲಿ ಇರೋ ಭೂಮಿಯ ಕಾಂತಕ್ಷೇತ್ರದ ಸುಮಾರು 5 ಲಕ್ಷ ಪಟ್ಟು. ತಾಪಮಾನ ಸೊನ್ನೆಗಿಂತ 271 ಡಿಗ್ರಿ ಕೆಳಗೆ.

ಗೇಟ್ ವೋಲ್ಟೇಜ್ ಏರಿಸ್ತಾ ಹೋದ್ರೆ ಹಾಲ್ ರೋಧ ನಯವಾಗಿ ಇಳೀಬೇಕಿತ್ತು. ಹಾಗಾಗಲಿಲ್ಲ. ಇಳಿಯುತ್ತೆ, ಒಂದು ಕಡೆ ಮಟ್ಟಸವಾಗಿ ನಿಲ್ಲುತ್ತೆ, ಮತ್ತೆ ಇಳಿಯುತ್ತೆ, ಮತ್ತೆ ನಿಲ್ಲುತ್ತೆ. ಇಂಥ ಮಟ್ಟಸ ಜಾಗಗಳು ಅದಕ್ಕೂ ಮುಂಚೆ ಬೇರೆಯವರ ಗ್ರಾಫ್‌ಗಳಲ್ಲೂ ಕಂಡಿದ್ದವು. ಆದ್ರೆ ಕ್ಲಿಟ್ಸಿಂಗ್ ಕಂಡುಕೊಂಡಿದ್ದು ಬೇರೆ: ಆ ನಿಂತ ಜಾಗದ ಬೆಲೆ ಎಲ್ಲ ಮಾದರಿಗಳಲ್ಲೂ ಒಂದೇ, ಮತ್ತು ಅದು ಬರೀ ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನ್ ಆವೇಶದ ಲೆಕ್ಕ. ಐದೇ ವರ್ಷಕ್ಕೆ, 1985ರಲ್ಲಿ, ನೊಬೆಲ್ ಬಹುಮಾನ ಬಂತು, ಬೇರೆ ಯಾರ ಜೊತೆಗೂ ಹಂಚಿಕೊಳ್ಳದೆ.

ಕೊಳೆಯೇ ಕಾಪಾಡಿತು

ಇಲ್ಲಿ ಒಂದು ನಿಮಿಷ ನಿಲ್ಲೋಣ, ಯಾಕಂದ್ರೆ ಅಸಲಿ ಒಗಟು ಇಲ್ಲೇ ಇದೆ. ಮೆಟ್ಟಿಲು ಪಕ್ಕಾ ತುಂಬಿದಾಗ ಆ ಸಂಖ್ಯೆ ಬರುತ್ತೆ, ಒಪ್ಪೋಣ. ಆದ್ರೆ ಒಂದು ಎಲೆಕ್ಟ್ರಾನ್ ಹೆಚ್ಚಾದ್ರೆ? ಸಾವಿರ ಹೆಚ್ಚಾದ್ರೆ? ಆಗಲೂ ರೋಧ ಅಲ್ಲಾಡದೆ ನಿಂತಿದೆಯಲ್ಲ, ಅದು ಯಾಕೆ?

ಉತ್ತರ: ಕೊಳೆ. ಕಲ್ಮಶ. ಚಿಪ್‌ನ ಒಳಗೆ ನೆಲ ಸಮತಟ್ಟಾಗಿಲ್ಲ. ಬೇಡದ ಪರಮಾಣುಗಳಿಂದಾಗಿ ಅಲ್ಲಲ್ಲಿ ಶಕ್ತಿಯ ದಿಬ್ಬ, ಅಲ್ಲಲ್ಲಿ ಗುಂಡಿ. ಮಳೆ ಬಂದಾಗ ಆಟದ ಮೈದಾನ ನೆನಪು ಮಾಡಿಕೊಳ್ಳಿ. ಗುಂಡಿಗೆ ಬಿದ್ದ ನೀರು ಅಲ್ಲೇ ನಿಲ್ಲುತ್ತೆ, ಹರಿದು ಹೋಗಲ್ಲ. ಹಾಗೇ ಹೆಚ್ಚುವರಿ ಎಲೆಕ್ಟ್ರಾನ್‌ಗಳು ಈ ಗುಂಡಿಗಳಲ್ಲಿ ಸಿಕ್ಕಿಕೊಂಡು ಅಲ್ಲಲ್ಲೇ ಸುತ್ತುತ್ತವೆ. ಕರೆಂಟಿಗೆ ಅವುಗಳ ಕೊಡುಗೆ ಸೊನ್ನೆ. ಉಳಿದ ಎಲೆಕ್ಟ್ರಾನ್‌ಗಳು ಆ ಸಿಕ್ಕಿಬಿದ್ದವುಗಳ ಪಾಲಿನ ಓಟವನ್ನೂ ತಾವೇ ಓಡಿ ಸರಿದೂಗಿಸುತ್ತವೆ. ಅದಕ್ಕೇ ಎಲೆಕ್ಟ್ರಾನ್ ಸಂಖ್ಯೆ ಬದಲಾದ್ರೂ ರೋಧ ಅಲ್ಲಾಡಲ್ಲ. ಒಂದು ವೇಳೆ ಚಿಪ್ ಪರಿಶುದ್ಧವಾಗಿ, ಒಂದೂ ಕಲೆ ಇಲ್ಲದ ಹಾಗೆ ಇದ್ದಿದ್ರೆ ಈ ಮಟ್ಟಸ ಜಾಗಗಳೇ ಇರ್ತಿರಲಿಲ್ಲ. ಕರಾರುವಾಕ್ಕಾದ ಲೆಕ್ಕ ಸಿಕ್ಕಿದ್ದು ಕೊಳೆಯ ದಯದಿಂದ.

ಹಾಗಾದ್ರೆ ಕರೆಂಟ್ ಎಲ್ಲಿಂದ ಹರಿಯುತ್ತೆ? ಅಂಚಿನಲ್ಲಿ ಏನಾಗುತ್ತೆ ನೋಡಿ. ನಡುವಿನ ಎಲೆಕ್ಟ್ರಾನ್‌ಗೆ ಪೂರ್ತಿ ವೃತ್ತ ಸುತ್ತೋಕೆ ಜಾಗ ಇದೆ. ಅಂಚಿನಲ್ಲಿರೋದು ಅರ್ಧ ಸುತ್ತಿ ಗೋಡೆಗೆ ತಾಗುತ್ತೆ, ಪುಟಿಯುತ್ತೆ, ಮತ್ತೆ ಅರ್ಧ ಸುತ್ತುತ್ತೆ. ಹೀಗೆ ಪುಟಿಪುಟಿದು ಅಂಚಿನುದ್ದಕ್ಕೂ ಒಂದೇ ದಿಕ್ಕಿಗೆ ಸಾಗುತ್ತೆ. ಒನ್‌ವೇ ರಸ್ತೆ ಇದ್ದ ಹಾಗೆ. ಎದುರು ದಿಕ್ಕಿನ ರಸ್ತೆ ಇರೋದು ಆಚೆ ಅಂಚಿನಲ್ಲಿ, ಯೂ ಟರ್ನ್‌ಗೆ ಅವಕಾಶವೇ ಇಲ್ಲ. ದಾರೀಲಿ ಕಲ್ಮಶ ಸಿಕ್ಕಿದ್ರೆ ಬಳಸಿಕೊಂಡು ಮುಂದೆ ಹೋಗುತ್ತೆ, ಹಿಂದಕ್ಕೆ ತಿರುಗೋಕೆ ಆಗಲ್ಲ. ಹಾಗಾಗಿ ಅಡ್ಡಕ್ಕೆ ರೋಧ ಪಕ್ಕಾ ಸಂಖ್ಯೆಯಲ್ಲಿ ನಿಂತಾಗ, ಉದ್ದಕ್ಕೆ ರೋಧ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿರುತ್ತೆ.

ಇದಕ್ಕೆ ಇನ್ನೂ ಆಳವಾದ ವಿವರಣೆ ಕೊಟ್ಟಿದ್ದು ಡೇವಿಡ್ ಥೌಲೆಸ್ ಮತ್ತು ಜೊತೆಗಾರರು, 1982ರಲ್ಲಿ. ಅದು ಟೋಪಾಲಜಿ ಅನ್ನೋ ಗಣಿತ. ಉದ್ದಿನ ವಡೆಗೆ ಒಂದು ತೂತು, ಇಡ್ಲಿಗೆ ಸೊನ್ನೆ ತೂತು. ವಡೆಯನ್ನ ಒತ್ತಿ, ಎಳೆದು ಸೊಟ್ಟ ಮಾಡಿ, ಹರಿಯದೆ ಇದ್ರೆ ತೂತಿನ ಲೆಕ್ಕ ಒಂದೇ ಇರುತ್ತೆ. ಕಾಲು ತೂತು, ಮುಕ್ಕಾಲು ತೂತು ಅನ್ನೋದಿಲ್ಲ. ಈ ಎಲೆಕ್ಟ್ರಾನ್ ಅಲೆಗಳಲ್ಲೂ ಇಂಥದೇ ಒಂದು ಪೂರ್ಣ ಸಂಖ್ಯೆ ಅಡಗಿದೆ, ಹಾಲ್ ರೋಧ ಎಣಿಸ್ತಾ ಇರೋದು ಅದನ್ನ. ಥೌಲೆಸ್‌ಗೆ ಇಂಥ ಕೆಲಸಕ್ಕಾಗಿ 2016ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಲೆಕ್ಕ ಎಷ್ಟು ಪಕ್ಕಾ? 2011ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಗ್ರಾಫೀನ್ ಮತ್ತು ಗ್ಯಾಲಿಯಂ ಆರ್ಸೆನೈಡ್ ಎರಡನ್ನೂ ಅಳೆದಾಗ, ಸಾವಿರ ಕೋಟಿಯಲ್ಲಿ ಒಂದು ಪಾಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ 3,000 ಕಿಲೋಮೀಟರ್ ದೂರ ಅಳೆದು, ಅರ್ಧ ಮಿಲಿಮೀಟರ್ ಕೂಡ ತಪ್ಪದ ಹಾಗೆ.

ಪ್ಯಾರಿಸ್‌ನ ಬಟ್ಟಿ ಮತ್ತು ನಮ್ಮ ಸಂತೆ

ಈಗ ಕಿಲೋ ಬಟ್ಟಿಯ ವಿಷಯ. 1889ರಿಂದ ಇಡೀ ಜಗತ್ತಿಗೆ ಒಂದು ಕಿಲೋಗ್ರಾಂ ಅಂದ್ರೆ ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ, ಗಾಜಿನ ಗುಮ್ಮಟಗಳ ಒಳಗೆ ಇಟ್ಟಿದ್ದ ಒಂದು ಲೋಹದ ಉರುಟು. 90 ಪಾಲು ಪ್ಲಾಟಿನಂ, 10 ಪಾಲು ಇರಿಡಿಯಂ. ಅದರ ಪ್ರತಿಗಳು ದೇಶದೇಶಕ್ಕೆ ಹೋಗಿದ್ದವು. ಭಾರತದ ಪ್ರತಿ 57ನೇ ನಂಬರಿನದು, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ನಮ್ಮಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅಂಗಡಿಯ ತಕ್ಕಡಿ, ಬಟ್ಟಿಗೆ ಮುದ್ರೆ ಒತ್ತುತ್ತಾರಲ್ಲ, ಆ ಮುದ್ರೆಯ ಹಿಂದಿನ ಸರಪಳಿ ಹಿಡಿದು ಹೋದ್ರೆ ಕೊನೆಗೆ ಪ್ಯಾರಿಸ್‌ನ ಆ ಉರುಟಿಗೆ ತಲುಪ್ತಿತ್ತು.

ತೊಂದರೆ ಏನಾಯ್ತು? ಸುಮಾರು ನೂರು ವರ್ಷ ಆದ ಮೇಲೆ ಮೂಲವನ್ನೂ ಪ್ರತಿಗಳನ್ನೂ ಹೋಲಿಸಿ ನೋಡಿದ್ರೆ, ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ. ಪ್ರತಿಗಳು ಭಾರ ಆದವೋ, ಮೂಲವೇ ಹಗುರ ಆಯ್ತೋ? ಹೇಳೋಕೆ ದಾರಿಯೇ ಇಲ್ಲ. ಯಾಕಂದ್ರೆ ಕಿಲೋ ಅಂದ್ರೇನೇ ಆ ಉರುಟು. ಅದು ಸವೆದ್ರೂ ಕಾಗದದ ಮೇಲೆ ಅದು ಒಂದು ಕಿಲೋನೇ, ಉಳಿದ ಜಗತ್ತೇ ಭಾರ ಆಯ್ತು ಅಂತ ಬರ್ಕೋಬೇಕು!

ಇದರಿಂದ ಹೊರಬರೋಕೆ ಸಿಕ್ಕ ದಾರಿ ಕಿಬಲ್ ತಕ್ಕಡಿ. ಒಂದು ಕಡೆ ವಸ್ತುವಿನ ತೂಕ, ಅದಕ್ಕೆದುರಾಗಿ ಆಯಸ್ಕಾಂತದೊಳಗೆ ಇರೋ ಸುರುಳಿಯಲ್ಲಿ ಹರಿಯೋ ಕರೆಂಟಿನ ಬಲ. ತೂಕ ಗೊತ್ತಾಗಬೇಕಾದ್ರೆ ಕರೆಂಟ್ ಮತ್ತು ವೋಲ್ಟೇಜನ್ನ ಬಹಳ ನಿಖರವಾಗಿ ಅಳೀಬೇಕು. ವೋಲ್ಟೇಜಿಗೆ ಜೋಸೆಫ್ಸನ್ ಪರಿಣಾಮ ಅನ್ನೋ ಇನ್ನೊಂದು ಕ್ವಾಂಟಮ್ ವಿದ್ಯೆ ಇದೆ. ಕರೆಂಟ್ ಲೆಕ್ಕಕ್ಕೆ ರೋಧ ಬೇಕು, ಅದಕ್ಕೆ ಕ್ಲಿಟ್ಸಿಂಗ್ ಕಂಡ ಮೆಟ್ಟಿಲು. 2018ರ ನವೆಂಬರ್‌ನಲ್ಲಿ ದೇಶಗಳ ಪ್ರತಿನಿಧಿಗಳು ವರ್ಸೇಲ್ಸ್‌ನಲ್ಲಿ ಸೇರಿ ಮತ ಹಾಕಿದ್ರು. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನ್ ಆವೇಶದ ಬೆಲೆಗಳನ್ನ ಖಾಯಂ ಮಾಡಿದ್ರು. ಕಿಲೋಗ್ರಾಂ ಈಗ ಯಾವ ಉರುಟಿಗೂ ಅಂಟಿಕೊಂಡಿಲ್ಲ.

ಸಂತೆಯ ತಕ್ಕಡಿಯಲ್ಲಿ ಇದರಿಂದ ಟೊಮೆಟೊ ಒಂದು ಗ್ರಾಂ ಕೂಡ ಹೆಚ್ಚುಕಮ್ಮಿ ಆಗಿಲ್ಲ, ಗಾಬರಿ ಬೇಡ. ಬದಲಾಗಿದ್ದು ಯಜಮಾನಿಕೆ. ಮುಂಚೆ ಅಂತಿಮ ಕಿಲೋ ಒಂದು ಊರಿನ ಒಂದು ಕಪಾಟಿನಲ್ಲಿತ್ತು. ಅದು ಕಳುವಾದ್ರೆ, ಬಿದ್ದು ಒಡೆದ್ರೆ ಎಲ್ಲರಿಗೂ ತೊಂದರೆ. ಈಗ ಸಾಮರ್ಥ್ಯ, ಸಲಕರಣೆ ಇರೋ ಯಾವ ದೇಶದ ಪ್ರಯೋಗಾಲಯ ಬೇಕಾದ್ರೂ ಮೊದಲಿನಿಂದ ಕಟ್ಟಿಕೊಂಡು ಅಳೀಬಹುದು. ಯಾರ ಅಪ್ಪಣೆಯೂ ಬೇಡ.

ಮೂರನೇ ಒಂದು ಭಾಗದ ಆವೇಶ

ಮುಗಿಸೋ ಮುಂಚೆ ಒಂದು ಮಾತು. ಕಥೆ ಪೂರ್ಣ ಸಂಖ್ಯೆಗಳಿಗೇ ನಿಲ್ಲಲಿಲ್ಲ. 1982ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡೇನಿಯಲ್ ಸೂಯಿ, ಹಾರ್ಸ್ಟ್ ಸ್ಟಾರ್ಮರ್ ಮತ್ತು ಆರ್ಥರ್ ಗೊಸ್ಸಾರ್ಡ್ ಇನ್ನೂ ಶುದ್ಧವಾದ ಮಾದರಿಯಲ್ಲಿ, ಇನ್ನೂ ತಣ್ಣಗೆ ಅಳೆದ್ರು. ಮೂರನೇ ಒಂದು ಭಾಗದಷ್ಟೇ ಸೀಟು ತುಂಬಿದಾಗಲೂ ಮೆಟ್ಟಿಲು ಕಾಣಿಸ್ತು! ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತಾ, ಎಲ್ಲ ಸೇರಿ ಒಂದು ಹೊಸ ಬಗೆಯ ದ್ರವದ ಹಾಗೆ ವರ್ತಿಸ್ತಿದ್ದವು. ಅದರಲ್ಲಿ ಏಳುವ ಅಲುಗಾಟಕ್ಕೆ ಎಲೆಕ್ಟ್ರಾನ್‌ನ ಮೂರನೇ ಒಂದು ಭಾಗದಷ್ಟೇ ಆವೇಶ. ಇದನ್ನ ವಿವರಿಸಿದ ರಾಬರ್ಟ್ ಲಾಫ್ಲಿನ್ ಜೊತೆ ಸೂಯಿ, ಸ್ಟಾರ್ಮರ್‌ಗೆ 1998ರ ನೊಬೆಲ್ ಬಂತು.

ಆಮೇಲೆ ಐದನೇ ಎರಡು, ಏಳನೇ ಮೂರು ಅಂತ ಭಿನ್ನರಾಶಿಗಳ ಸಾಲೇ ಸಿಕ್ಕಿತು. ಯಾಕೆ ಇವೇ ಭಿನ್ನರಾಶಿಗಳು ಅನ್ನೋದಕ್ಕೆ 1989ರಲ್ಲಿ ದಾರಿ ತೋರಿಸಿದ್ದು ರಾಜಸ್ಥಾನದಲ್ಲಿ ಹುಟ್ಟಿದ ಜೈನೇಂದ್ರ ಜೈನ್. ಅವರ ಪ್ರಕಾರ ಪ್ರತಿ ಎಲೆಕ್ಟ್ರಾನ್ ತನ್ನ ಜೊತೆ ಎರಡು ಸುಳಿಗಳನ್ನ ಕಟ್ಟಿಕೊಂಡು ಹೊಸದೇ ಕಣದ ಹಾಗೆ ಓಡಾಡುತ್ತೆ. ಆ ಹೊಸ ಕಣಕ್ಕೆ ಮತ್ತೆ ಅದೇ ಹಳೇ ಮೆಟ್ಟಿಲ ಲೆಕ್ಕ ಹಾಕಿದ್ರೆ ಈ ಭಿನ್ನರಾಶಿಗಳು ಬರ್ತವೆ. 2025ರ ವುಲ್ಫ್ ಪ್ರಶಸ್ತಿ ಪಡೆದ ಮೂವರಲ್ಲಿ ಅವರೂ ಒಬ್ಬರು.

ಕ್ವಾಂಟಮ್ ಅಂದ್ರೆ ಏನೂ ಖಚಿತ ಇಲ್ಲ, ಎಲ್ಲ ಸಂಭವನೀಯತೆ ಅಂತ ರೀಲ್ಸ್‌ಗಳಲ್ಲಿ ಕೇಳಿರ್ತೀರಿ. ಇವತ್ತು ನೋಡಿದ್ದು ಅದರ ಇನ್ನೊಂದು ಮುಖ. ಮನುಷ್ಯ ಮಾಡಿದ ಅತ್ಯಂತ ಭರವಸೆಯ ಅಳತೆಗಳಲ್ಲಿ ಒಂದು ಬಂದಿರೋದು ಇದೇ ಕ್ವಾಂಟಮ್‌ನಿಂದ. ಮುಂದಿನ ಸಲ ಮ್ಯಾಪ್‌ನಲ್ಲಿ ನೀಲಿ ಬಾಣ ದಾರಿ ತಪ್ಪಿ, ಫೋನನ್ನ ಎಂಟರ ಆಕಾರದಲ್ಲಿ ತಿರುಗಿಸಿ ಅಂತ ಅದು ಕೇಳಿದಾಗ, ಬಂಗಾರದ ರೇಕಿನ ಮೇಲೆ ಅನುಮಾನ ತೀರಿಸಿಕೊಂಡ ಆ ಹುಡುಗನನ್ನ ಒಮ್ಮೆ ನೆನೆಸಿಕೊಳ್ಳಿ.

ಇವತ್ತಿಗೆ ಇಷ್ಟು. ಪ್ರಶ್ನೆ ಇದ್ರೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜೋಸೆಫ್ಸನ್ ಪರಿಣಾಮದ ಬಗ್ಗೆ ಮಾತಾಡೋಣ, ವೋಲ್ಟಿನ ಕಥೆ ಬಾಕಿ ಇದೆಯಲ್ಲ.